ಹಫೀತ್ ಗುಡ್ಡದ ಅಂಚು

ನಕ್ಷೆಯಲ್ಲಿ ಜೆಬೆಲ್ ಹಫೀತ್ ಲೂರ್ದ್‌ಳ ಅಂಗೈಗಿಂತ ದೊಡ್ಡದಿರಲಿಲ್ಲ. ಶುಕ್ರವಾರ ಸಂಜೆ ಆಸ್ಪತ್ರೆಯಿಂದ ಬಂದು ಮುಖ ತೊಳೆದವಳು ಖಾಲಿದಿಯಾ ಬಡಾವಣೆಯ ತಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಗುಡ್ಡದ ಪೂರ್ವದ ಮಗ್ಗುಲನ್ನು ಬೆರಳಿನಿಂದ ಸವರುತ್ತ ಕೂತಿದ್ದಳು. ಟೆಂಟುಗಳು ಇಲ್ಲಿ. ಇಲ್ಲಿಂದ ಜೇನುಗೂಡಿನ ಆಕಾರದ ಆ ಹಳೆಯ ಗೋರಿಗಳವರೆಗೆ ಸಮತಟ್ಟು ನೆಲ. ಗೋರಿಗಳ ಹಿಂದಿನಿಂದ ಏರು, ಏರಿನ ತುದಿಯಲ್ಲಿ ಕತ್ತಿಯಲಗಿನ ಹಾಗೆ ಉದ್ದಕ್ಕೆ ಓಡುವ ಅಂಚು, ಆಮೇಲೆ ಒಂದು ಕೊರಕಲಿನೊಳಗೆ ಇಳಿದು ಮತ್ತೆ ಟೆಂಟು. ಮರುಭೂಮಿಯ ಈ ಉದ್ಯಾನಕ್ಕೆ ಗೆಳೆಯರ ಗುಂಪನ್ನು ಕರೆದುಕೊಂಡು ಹೋಗಬೇಕೆಂದು ಅವಳು ಹಿಂದಿನ ಚಳಿಗಾಲದಿಂದಲೇ ಹೇಳುತ್ತಿದ್ದಳು. ಪ್ರತಿವರ್ಷ ಸೆಕೆ ಇಳಿದ ಕೂಡಲೇ ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಲೂರ್ದ್ ಈ ಸಲ ಎಲ್ಲಿಗೆ ಕರೆದುಕೊಂಡು ಹೋಗುತ್ತಾಳೆ? ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಟೆಂಟಿನ ಬಾಯಿ ಎತ್ತ ಇರಬೇಕು, ಯಾವ ಮರಳು ಕಾರನ್ನು ಹೊರುತ್ತದೆ, ಯಾವುದು ನುಂಗುತ್ತದೆ, ಎಲ್ಲ ಅವಳೇ ಹೇಳಬೇಕು. ಇತ್ತೀಚೆಗೆ ಅವಳಿಗೆ ನಕ್ಷೆಗಳ ಮೇಲೆ ಮೋಹ ಹೆಚ್ಚಾಗಿತ್ತು. ನಕ್ಷೆಯನ್ನು ಬೇಕಾದಷ್ಟು ಕುಗ್ಗಿಸಬಹುದು. ಕುಗ್ಗಿಸಿ ಕುಗ್ಗಿಸಿ, ತನ್ನ ಕಣ್ಣಿಗೆ ಇನ್ನೂ ಉಳಿದಿದ್ದ ಆ ಒಂದು ತಟ್ಟೆಯಗಲದ ಬೆಳಕಿನೊಳಗೆ ಇಡೀ ಗುಡ್ಡವನ್ನು ಕೂರಿಸಬಹುದು. ಅಲ್ಲಿ ಅವಳಿಗೆ ಕಾಣದ್ದು ಯಾವುದೂ ಇರಲಿಲ್ಲ.

ಮೊಣಕೈ ತಗಲಿ ಗ್ಲಾಸು ಉರುಳಿದ ಮೇಲೆಯೇ ಗಂಡ ಫ್ಲಾಯ್ಡ್ ಪಕ್ಕದಲ್ಲಿ ಚಾ ಇಟ್ಟು ಹೋಗಿದ್ದಾನೆಂದು ಅವಳಿಗೆ ತಿಳಿದದ್ದು. ಚಾ ಮೇಜಿನಂಚಿನಿಂದ ತೊಟ್ಟಿಕ್ಕಿ ಅವಳ ಪಾದದ ಮೇಲೆ ಬಿತ್ತು. ಫ್ಲಾಯ್ಡ್ ಅಡುಗೆಮನೆಯಿಂದ ಬಟ್ಟೆ ಹಿಡಿದುಕೊಂಡು ಬಂದ. "ಏಳ್ಬೇಡ, ನಾನು ಒರೆಸ್ತೇನೆ. ಟ್ರಿಪ್ಪಿನ ಕೆಲಸಕ್ಕೆ ಕೂತರೆ ನಿನಗೆ ಲೋಕವೇ ಬೇಡ," ಎಂದ. ಅವನ ಸ್ವಭಾವವೇ ಹಾಗೆ. ಅವಳ ಪ್ರತಿ ತಪ್ಪಿಗೂ ಅವನ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು, ಅದೂ ಅವಳಿಗೆ ಗೌರವ ತರುವಂಥ ಕಾರಣ. ಬಾಗಿಲಿನ ಚೌಕಟ್ಟಿಗೆ ಭುಜ ಬಡಿದರೆ ಆಸ್ಪತ್ರೆಯಲ್ಲಿ ಕೆಲಸ ಹೆಚ್ಚು. ಲಿಫ್ಟಿನಲ್ಲಿ ಪಕ್ಕದ ಮನೆಯವರ ನಗುವಿಗೆ ನಗದೆ ನಿಂತರೆ ಏನೋ ಯೋಚನೆ. ಟ್ರಾಫಿಕ್ ಸಾಕಾಗಿದೆ, ಇನ್ನು ಮೇಲೆ ನೀನೇ ಓಡಿಸು ಎಂದು ಅವಳು ಕಾರಿನ ಕೀಲಿ ಕೊಟ್ಟ ದಿನ ಅವನು ಒಳಗೊಳಗೇ ಹಿಗ್ಗಿದ್ದ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಪ್ಯಾಕಿಂಗ್ ಫ್ಯಾಕ್ಟರಿಗೆ ದಿನಾ ಅಷ್ಟು ದೂರ ಹೋಗಿಬರುವವನು, ವಾರದ ಕೊನೆಯಲ್ಲಾದರೂ ಸ್ಟೀರಿಂಗ್ ಮುಟ್ಟದೆ ಕೂರಬಹುದಿತ್ತು. ಅದರ ಬದಲು, ಮದುವೆಯಾಗಿ ಇಷ್ಟು ವರ್ಷಗಳ ಮೇಲೆ ಹೆಂಡತಿ ತನ್ನ ಡ್ರೈವಿಂಗ್ ಮೆಚ್ಚಿಕೊಂಡಳು ಎಂದುಕೊಂಡ.

ಅವಳಿಗೆ ಕಾರಣ ಗೊತ್ತಿತ್ತು. ದುಬೈಯ ಸತ್ವಾದಲ್ಲಿ ದರ್ಜಿ ಅಂಗಡಿಗಳ ಸಾಲಿನ ಮೇಲಿದ್ದ ಕ್ಲಿನಿಕ್ಕಿನಲ್ಲಿ ಗಲ್ಲವನ್ನು ಒಂದು ಆಸರೆಯ ಮೇಲಿಟ್ಟು, ಬಿಳಿಯ ಬೋಗುಣಿಯಂಥ ಯಂತ್ರದೊಳಗೆ ದಿಟ್ಟಿಸುತ್ತ ಅವಳು ಕೂತಿದ್ದಳು. ಚುಕ್ಕೆ ಬೆಳಕು ಕಂಡಾಗಲೆಲ್ಲ ಕೈಯೊಳಗಿನ ಗುಂಡಿ ಒತ್ತಬೇಕು. ಯಂತ್ರ ಒಳಗೆಲ್ಲೋ ಟಿಕ್ ಟಿಕ್ ಎಂದು ಚಲಿಸುವುದು ಕೇಳುತ್ತಿತ್ತು. ಬೆಳಕು ಮಾತ್ರ ಬರುತ್ತಿರಲಿಲ್ಲ. ಶಾಲೆಯ ಪರೀಕ್ಷೆಯಲ್ಲಿ ಕೂಡ ಎಂದೂ ನಕಲು ಮಾಡದವಳು ಅಂದು ಸದ್ದು ಕೇಳಿಯೇ ಗುಂಡಿ ಒತ್ತಿದಳು. ಈಜಿಪ್ಟಿನ ಡಾಕ್ಟರಮ್ಮ ಕಾಗದ ನೋಡಿ, ಕನ್ನಡಕ ತೆಗೆದು, ನೀವು ಊಹಿಸಿ ಒತ್ತಿದ್ದೀರಿ, ಇನ್ನೊಮ್ಮೆ ಮಾಡೋಣ ಎಂದರು. ಬಯ್ಯಲಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಲೂರ್ದ್‌ಗೆ. ಎರಡನೆಯ ಸಲ ಅವಳು ಪ್ರಾಮಾಣಿಕವಾಗಿ ಕತ್ತಲೆಯನ್ನೇ ನೋಡುತ್ತ ಕೂತಳು. ಕಣ್ಣಿನ ಪರದೆ ಅಂಚಿನಿಂದ ಒಳಕ್ಕೆ ಒಣಗುತ್ತ ಬರುತ್ತಿದೆ, ನಿಧಾನವಾಗಿ, ತುಂಬ ನಿಧಾನವಾಗಿ, ಎಂದರು ಡಾಕ್ಟರಮ್ಮ. ನಡುವಿನ ದೃಷ್ಟಿ ಬಹುಕಾಲ ಉಳಿಯಬಹುದು. ನೆರಳಿನಲ್ಲಿ, ಮಬ್ಬಿನಲ್ಲಿ ಜಾಗ್ರತೆ. ಗಾಡಿ ಓಡಿಸುವುದು ಖಲಾಸ್. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದಾಗ ಲೂರ್ದ್ ಇಲ್ಲ ಎಂದಳು. ಹಾಗೆನ್ನುವಾಗಲೇ, ಇಗರ್ಜಿಯ ಬಾಗಿಲಲ್ಲಿ ತೀರ್ಥದ ಬೋಗುಣಿಗಾಗಿ ಗೋಡೆಯ ಮೇಲೆಲ್ಲ ಕೈಯಾಡಿಸುತ್ತಿದ್ದ ದೊಡ್ಡಮ್ಮ, ಅವರ ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದ ಮಕ್ಕಳ ಸಾಲು, ಆ ಸಾಲಿನಲ್ಲಿ ತಾನು, ಎಲ್ಲ ಕಣ್ಣೆದುರು ಬಂದು ನಿಂತವು. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಎರಡು ಮಹಡಿ ಮೇಲೆ ಹೋದರೆ ಕಣ್ಣಿನ ವಿಭಾಗ. ಅಲ್ಲಿಗೆ ಹೋದರೆ ಮಧ್ಯಾಹ್ನದ ಊಟದೊಳಗೆ ಸುದ್ದಿ ಕೆಳಗೆ ಕೂರುವ ಗೆಳತಿ ಪ್ರಫುಲ್ಲಾಳ ತನಕ ಇಳಿದುಬರುತ್ತಿತ್ತು. ಅದಕ್ಕೇ ಸತ್ವಾ. ಮೆಟ್ಟಿಲಿಳಿದು ಬೀದಿಗೆ ಬಂದವಳು ಗೋಡೆಗೊರಗಿಸಿದ್ದ ಯಾರದೋ ಸೈಕಲ್ಲಿಗೆ ಡಿಕ್ಕಿ ಹೊಡೆದು, ಅದು ಬೀಳದಂತೆ ಎರಡೂ ಕೈಗಳಿಂದ ಹಿಡಿದುಕೊಂಡು, ಸೈಕಲ್ಲಿನ ಹತ್ತಿರವೇ ಸಾರಿ ಎಂದಿದ್ದಳು.

"ನಾಳೆ ಕೆವಿನ್ ಬರುದಿಲ್ಲವಂತೆ," ಎಂದ ಫ್ಲಾಯ್ಡ್, ಮೇಜಿನ ಕೆಳಗೆ ಬಗ್ಗಿ ಒರೆಸುತ್ತ. "ಗ್ರೂಪಿನಲ್ಲಿ ಹಾಕಿದ್ದಾನೆ. ಡ್ಯೂಟಿ ಬದಲಾಯ್ತಂತೆ."

ಎಲ್ಲರನ್ನೂ ಕರೆದುಕೊಂಡು ಹೋಗುವ ಮೊದಲು ಒಮ್ಮೆ ದಾರಿ ನೋಡಿಬರುವುದು ಅವಳ ಪದ್ಧತಿ. ಯಾವಾಗಲೂ ಜೊತೆಗೆ ಬರುತ್ತಿದ್ದವನು ಕೆವಿನ್. ಸತ್ವಾದ ಒಂದು ಹಳೆಯ ವಿಲ್ಲಾದಲ್ಲಿ ನಾಲ್ಕಾರು ಮಂದಿ ಗೆಳೆಯರೊಂದಿಗೆ ಇರುವ, ಹೋಟೆಲಿನಲ್ಲಿ ಕೆಲಸ ಮಾಡುವ, ಗುಡ್ಡವೆಂದರೆ ಮೇಕೆಮರಿಯಂತೆ ಜಿಗಿಯುವ ಹುಡುಗ. ಅವನು ಮುಂದೆ ಮುಂದೆ ಹೋಗುತ್ತಿದ್ದ. ಅವನ ಬಿಳಿ ಶೂಗಳನ್ನೇ ನೋಡುತ್ತ, ಅವು ಎಲ್ಲಿ ಬಿದ್ದವೋ ಅಲ್ಲಿ ತನ್ನ ಕಾಲಿಡುತ್ತ ಅವಳು ಹಿಂದಿನ ಚಳಿಗಾಲವನ್ನು ದಾಟಿದ್ದಳು. ಅದು ಯಾರಿಗೂ ಗೊತ್ತಾಗಿರಲಿಲ್ಲ. ಸ್ವತಃ ಕೆವಿನ್‌ಗೂ.

"ನಾನು ಬರ್ತೇನೆ," ಎಂದ ಫ್ಲಾಯ್ಡ್.

ಅವಳು ನಕ್ಕುಬಿಟ್ಟಳು. ನಗಬಾರದೆಂದು ಅನ್ನಿಸುವಷ್ಟರಲ್ಲಿ ನಕ್ಕಾಗಿತ್ತು. ಗಾಡಿಯಿಂದ ಐಸ್ ಪೆಟ್ಟಿಗೆ ಇಳಿಸಿ, ಒಲೆ ಹಚ್ಚಿ, ಹಿಂದಿನ ದಿನವೇ ಮಸಾಲೆ ಹಚ್ಚಿಟ್ಟ ಕೋಳಿಯನ್ನು ಸುಡುವುದು ಫ್ಲಾಯ್ಡನ ಕೆಲಸ. ಉಳಿದವರು ಗುಡ್ಡ ಹತ್ತಿ ಇಳಿದು ಬರುವ ತನಕ ಅವನು ಚಾಪೆಯ ಮೇಲೆ ಕೂತು ಈರುಳ್ಳಿ ಕತ್ತರಿಸುತ್ತಿದ್ದ. ರಾಸ್ ಅಲ್ ಖೈಮಾದ ಕಡೆ ಹೋದಾಗ ಎಲ್ಲರ ಎದುರಿಗೆ ಅವಳೇ ಅವನಿಗೆ ಕಿಚನ್ ಮಿನಿಸ್ಟರ್ ಎಂದು ಹೆಸರಿಟ್ಟಿದ್ದಳು. ಇವನಿಗೆ ಮೂರನೇ ಮಹಡಿಗೂ ಲಿಫ್ಟ್ ಬೇಕು, ಗುಡ್ಡಕ್ಕೆ ಯಾರು ಲಿಫ್ಟ್ ಹಾಕಿಸುತ್ತಾರೆ ಎಂದಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಫ್ಲಾಯ್ಡ್. ಮಕ್ಕಳಿಲ್ಲದ ಮನೆಯಲ್ಲಿ ಅವರಿಬ್ಬರ ನಡುವೆ ಮಾತು ಕಮ್ಮಿಯಾಗುತ್ತ ಹೋದಂತೆ, ನಾಲ್ಕು ಜನರ ಎದುರು ಅವನನ್ನು ತಮಾಷೆ ಮಾಡುವುದೇ ಅವನೊಂದಿಗೆ ಮಾತಾಡುವ ಒಂದು ರೀತಿಯಾಗಿಬಿಟ್ಟಿತ್ತು. ಅದು ಒಳ್ಳೆಯದಲ್ಲವೆಂದು ಗೊತ್ತಿತ್ತು. ಬಿಡಲು ಆಗಿರಲಿಲ್ಲ.

"ನಗು ಬೇಡ ಮಾರಾಯ್ತಿ," ಎಂದ ಅವನು. "ನಿಧಾನ ಹತ್ತಿದರೆ ಗುಡ್ಡ ಓಡಿಹೋಗ್ತದಾ?"

ಶನಿವಾರ ಅವರು ಹೊರಟದ್ದು ತಡವಾಗಿ. ಫ್ಲಾಯ್ಡ್‌ಗೆ ಗುಡ್ಡಕ್ಕೆ ತಕ್ಕ ಶೂಗಳಿರಲಿಲ್ಲ. ಕಡೆಗೆ ಫ್ಯಾಕ್ಟರಿಯಲ್ಲಿ ಹಾಕುವ, ಮುಂದೆ ಉಕ್ಕಿನ ಟೊಪ್ಪಿಗೆಯಿರುವ ಸೇಫ್ಟಿ ಶೂ ಹಾಕಿಕೊಂಡ. ಅಲ್ ಐನ್ ರಸ್ತೆಯ ಎರಡೂ ಬದಿ ಮರಳು ಕೆಂಪಾಗುತ್ತ ಬಂದದ್ದನ್ನು ಅವನು ಹೇಳಿ ತೋರಿಸುತ್ತಿದ್ದ. ಅವಳು ನೇರ ಮುಂದಿನ ರಸ್ತೆಯನ್ನಷ್ಟೇ ನೋಡುತ್ತ ಹೂಂ ಎನ್ನುತ್ತಿದ್ದಳು. ಉದ್ಯಾನದ ಬಾಗಿಲಲ್ಲಿ ಹೆಸರು ಬರೆಸಿ, ಕಾರು ನಿಲ್ಲಿಸಿ, ಗೋರಿಗಳತ್ತ ನಡೆದರು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದುಂಡು ಗೋರಿಗಳ ಬಳಿ ನಿಂತು ಫ್ಲಾಯ್ಡ್ ತಲೆಯ ಮೇಲಿನ ಟೋಪಿ ತೆಗೆದ. ಇಗರ್ಜಿಯಲ್ಲಿ ತೆಗೆಯುವ ಹಾಗೆ. ಒಂದು ಗೋರಿಯ ತಗ್ಗು ಬಾಗಿಲೊಳಗೆ ಬಗ್ಗಿ ನೋಡಿ, "ಇಷ್ಟು ಸಾವಿರ ವರ್ಷ ಆದ್ರೂ ಒಂದು ಕಲ್ಲು ಜಾರ್ಲಿಲ್ಲ ನೋಡು," ಎಂದ. ಅವಳಿಗೂ ಬಗ್ಗಿ ನೋಡಬೇಕೆನಿಸಿತು. ಆದರೆ ಒಳಗೆ ಕತ್ತಲು. ತನಗೆ ಕಾಣುವುದು ಬರೀ ಕಪ್ಪು ಎಂದು ಗೊತ್ತಿದ್ದರಿಂದ, ತಾನು ಇದನ್ನೆಲ್ಲ ಎಷ್ಟೋ ಸಲ ನೋಡಿದವಳಂತೆ ಮುಂದೆ ನಡೆದಳು.

ಏರು ಅವಳಿಗೆ ಕಷ್ಟವಾಗಲಿಲ್ಲ. ಬಿಸಿಲು ನೆಟ್ಟಗೆ ಕಲ್ಲಿನ ಮೇಲೆ ಬಿದ್ದಿತ್ತು. ಪ್ರತಿ ಕಲ್ಲೂ ತನ್ನ ನೆರಳನ್ನು ತನ್ನ ಬುಡದಲ್ಲೇ ಇಟ್ಟುಕೊಂಡು ಸ್ಪಷ್ಟವಾಗಿ ಕೂತಿತ್ತು. ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಹುಲ್ಲುಗಾವಲಿನಲ್ಲಿ ಹಕ್ಕಿ ನಡೆಯುವಂತೆ ಅವಳು ಹತ್ತಿದಳು. ನೋಡುವವರಿಗೆ ಅದು ದಾರಿ ಬಲ್ಲವಳ ಎಚ್ಚರದಂತೆ ಕಾಣುತ್ತಿತ್ತೇನೋ. ಹಿಂದಿನಿಂದ ಫ್ಲಾಯ್ಡನ ಉಸಿರು ಕೇಳುತ್ತಿತ್ತು, ಉಸಿರಿನ ನಡುವೆ ಅವನ ಮಾತು. ಫ್ಯಾಕ್ಟರಿಯಲ್ಲಿ ಹೊಸ ಮೆಷಿನ್ ಬಂದದ್ದು, ಅದರ ಜೊತೆ ಬಂದ ಜರ್ಮನ್ ಎಂಜಿನಿಯರನಿಗೆ ತಾನು ಮೀನು ಗಸಿ ತಿನ್ನಿಸಿದ್ದು. ಹೀಗೆ ಅವನು ಮಾತಾಡುವುದನ್ನು ಕೇಳಿ ಬಹಳ ದಿನಗಳಾಗಿದ್ದವು. ಇಷ್ಟು ದಿನ ಅವನು ಮಾತಾಡಿರಲಿಲ್ಲವೋ ತಾನು ಕೇಳಿರಲಿಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಅವನು ಮತ್ತೆ ಮತ್ತೆ ಕೂತ. ಪ್ರತಿಸಲ ಕೂತಾಗಲೂ ಸೂರ್ಯ ಗುಡ್ಡದ ನೆತ್ತಿಯ ಕಡೆ ಒಂದಿಷ್ಟು ಸರಿಯುತ್ತಿದ್ದ. ಮಧ್ಯಾಹ್ನ ಕಳೆದರೆ ಪೂರ್ವದ ಮಗ್ಗುಲು ನೆರಳಿಗೆ ಬೀಳುತ್ತದೆಂದು ನಕ್ಷೆಯಲ್ಲಿ ಅವಳೇ ಗುರುತು ಹಾಕಿದ್ದಳು. ಬೇಗ ಬಾ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅಂಚಿನ ಮೇಲೆ ಬಂದು ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು, ಮೂಗು ಬಿಸಿಲಿಗೆ ಕೆಂಪಾಗಿತ್ತು. ಕೆಳಗೆ ಬಯಲು, ಬಯಲಿನಾಚೆ ಬಯಲು. ಅವನು ಟೋಪಿಯಿಂದ ಮುಖ ಒರೆಸಿಕೊಂಡು, "ನೀವೆಲ್ಲ ಪ್ರತಿಸಲ ಇದನ್ನು ನೋಡ್ತಿದ್ರಾ," ಎಂದ. ದೂರು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಅವಳು ಏನಾದರೊಂದು ಉತ್ತರ ಕೊಡುತ್ತಿದ್ದಳು.

ಇಳಿಯುವ ಕೊರಕಲಿನ ಬಾಯಿಗೆ ಬರುವಷ್ಟರಲ್ಲಿ ನೆರಳು ಬಿದ್ದಿತ್ತು. ಅವಳು ಮುಂದೆ ಇದ್ದಳು. ಒಂದು ಹೆಜ್ಜೆ ಬಿಸಿಲಿನಲ್ಲಿತ್ತು. ಇನ್ನೊಂದು ಹೆಜ್ಜೆ ನೆರಳಿಗೆ ಹೋಯಿತು, ಹೋದದ್ದೇ ಲೋಕ ಆರಿಹೋಯಿತು. ಕಲ್ಲು ಯಾವುದು, ಕಲ್ಲಿನ ನಡುವಿನ ಹಳ್ಳ ಯಾವುದು, ತನ್ನ ಕಾಲು ಯಾವುದು, ಒಂದೂ ಬೇರೆಯಾಗಿ ಕಾಣಲಿಲ್ಲ. ಕಾಲಿನ ಕೆಳಗೆ ಹರಳುಕಲ್ಲು ಸ್ವಲ್ಪ ಸರಿಯಿತು, ಸರಿದದ್ದು ಎಲ್ಲೋ ಕೆಳಗೆ ಬಿದ್ದು ಸದ್ದು ಮಾಡಲು ಬಹಳ ಹೊತ್ತು ತೆಗೆದುಕೊಂಡಿತು. ಅವಳು ನಿಂತಳು. ಹೆದರಿಕೆ ಎನ್ನುವುದಕ್ಕಿಂತ ಅದು ನಾಚಿಕೆಯಾಗಿತ್ತು, ತುಂಬಿದ ಇಗರ್ಜಿಯ ನಡುವೆ ಬಟ್ಟೆ ಕಳಚಿದಂಥ ನಾಚಿಕೆ. ಇಲ್ಲೇ, ಇದೇ ಜಾಗದಲ್ಲಿ, ಬರುವ ವಾರ ತನ್ನ ಹಿಂದೆ ಒಂದು ಸಾಲು ನಿಂತಿರುತ್ತದೆ. ಪ್ರಫುಲ್ಲಾ-ಸುಶಾಂತ್ ದಂಪತಿಯ ಮಗಳು ಅಶ್ಮಿತಾ ಯಾವಾಗಲೂ ತನ್ನ ಬೆನ್ನ ಹಿಂದೆಯೇ, ಅಂಗಿಯ ತುದಿ ಹಿಡಿದುಕೊಂಡು ನಡೆಯುತ್ತಾಳೆ.

"ಯಾಕೆ ನಿಂತದ್ದು?" ಮೇಲಿನಿಂದ ಫ್ಲಾಯ್ಡ್ ಕೇಳಿದ. ಅವನ ಭಾರವಾದ ಶೂಗಳು ಹತ್ತಿರ ಬಂದವು. ಅವನು ಅವಳ ಹಿಂದಿನ ಕಲ್ಲಿನ ಮೇಲೆ ಕೂತು ಉಸಿರು ತೆಗೆದುಕೊಂಡ. ಆಮೇಲೆ ಮೆಲ್ಲಗೆ, "ನನಗೋಸ್ಕರ ನಿಂತದ್ದಾ?" ಎಂದ.

ಕತ್ತಲೆಯನ್ನೇ ನೋಡುತ್ತ ಅವಳು, "ಹೂಂ," ಎಂದಳು.

"ಒಳ್ಳೇದಾಯ್ತು. ಕಾಲು ನಡುಗ್ತಾ ಉಂಟು. ಹೇಳ್ಲಿಕ್ಕೆ ನಾಚಿಕೆ ಆಯ್ತು."

ಇಳಿಯುವ ದಾರಿಗೆ ಅವಳು ಇನ್ನೊಂದು ಸುಳ್ಳು ಹುಡುಕಿದಳು. ಇಂಥ ಜಾಗದಲ್ಲಿ ಕೂತುಕೊಂಡೇ ಇಳಿಯಬೇಕು, ಅದೇ ಸರಿಯಾದ ಕ್ರಮ ಎಂದಳು. ಕೂತು, ಎರಡೂ ಅಂಗೈ ಕಲ್ಲಿಗೆ ಒತ್ತಿ, ಕಾಲಿನಿಂದ ಮುಂದಿನ ಕಲ್ಲನ್ನು ತಡಕಿ, ಒಂದೊಂದೇ ಗೇಣು ಜಾರುತ್ತ ಇಳಿದಳು. ಹಿಂದೆ ಫ್ಲಾಯ್ಡ್ ಕೂಡ ಹಾಗೆಯೇ, ಅವಳು ಕೈ ಇಟ್ಟಲ್ಲಿ ಕೈ ಇಡುತ್ತ, ಕಾಲು ಚಾಚಿದಲ್ಲಿ ಕಾಲು ಚಾಚುತ್ತ, ಶಾಲೆಗೆ ಹೊಸದಾಗಿ ಸೇರಿದವನ ಶ್ರದ್ಧೆಯಿಂದ ಇಳಿದ. ಎಲ್ಲೋ ಅವನ ಪ್ಯಾಂಟು ಪರ್ರೆಂದು ಹರಿಯಿತು. ಇಬ್ಬರೂ ನಕ್ಕರು. ಬಯಲಿಗೆ ತಲುಪಿ, ಬೆಳಕು ಮತ್ತೆ ಕಣ್ಣಿಗೆ ಬಂದಾಗ ಅವಳ ಅಂಗೈ ತುಂಬ ತರಚು ಗಾಯ. ಅವನು ಹಿಂತಿರುಗಿ ಗುಡ್ಡದ ತುದಿ ನೋಡಿ, "ನಾಳೆ ಕೆವಿನ್‌ನಲ್ಲಿ ಹೇಳ್ತೇನೆ. ಅಂಕಲ್ ಹತ್ತಿ ಇಳಿದು ಬಂದ್ರು ಅಂತ. ಸುಶಾಂತ್ ನಂಬುದಿಲ್ಲ. ನೀನು ಸಾಕ್ಷಿ ಹೇಳ್ಬೇಕು," ಎಂದ. ಕಾರಿನಲ್ಲಿ ಮನೆಯ ತನಕ ಅವನು ಯಾವುದೋ ಹಳೆಯ ಕೊಂಕಣಿ ಪದವನ್ನು ಗುನುಗುತ್ತಲೇ ಇದ್ದ.

ಭಾನುವಾರ ಪೂಜೆ ಮುಗಿಸಿ, ಊಟ ಮಾಡಿ, ಇಳಿಹೊತ್ತಿಗೆ ಸತ್ವಾದ ವಿಲ್ಲಾಕ್ಕೆ ಹೋದರು. ಅಂಗಳದಲ್ಲಿ ಒಗೆದ ಬಟ್ಟೆಗಳ ಕೆಳಗೆ ಕೆವಿನ್ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದ. ಪ್ರಫುಲ್ಲಾ ಗೋಳಿಬಜೆ ಮಾಡಿ ತಂದಿದ್ದಳು. ಲೂರ್ದ್‌ಳ ಜೊತೆ ಒಂದೇ ಆಸ್ಪತ್ರೆಯಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಪ್ರಫುಲ್ಲಾ ಉಡುಪಿ ಕಡೆಯವಳು. ಅವಳ ಗಂಡ ಸುಶಾಂತ್ ಫೋನಿನಲ್ಲಿ ಹವಾಮಾನ ತೆಗೆದು ಎಲ್ಲರಿಗೂ ಓದಿ ಹೇಳುತ್ತಿದ್ದ. ಅಶ್ಮಿತಾ ಲೂರ್ದ್‌ಳ ತೊಡೆಗೆ ಒರಗಿ, "ಆಂಟಿ, ವಿಲ್ ದೇರ್ ಬಿ ಫಾಕ್ಸಸ್?" ಎಂದು ಕೇಳಿದಳು. "ಇರ್ತಾವೆ. ನೀನು ಸದ್ದು ಮಾಡದಿದ್ರೆ ಬರ್ತಾವೆ," ಎಂದಳು ಲೂರ್ದ್. "ಐ ವಿಲ್ ವಾಕ್ ಬಿಹೈಂಡ್ ಯೂ," ಎಂದಳು ಹುಡುಗಿ. ಲೂರ್ದ್ ಅವಳ ಕೂದಲ ಮೇಲೆ ಕೈಯಿಟ್ಟಳು. ಬೆಳಗಿನ ಪೂಜೆಯ ಉದ್ದಕ್ಕೂ ಅವಳು ಒಂದು ವಾಕ್ಯವನ್ನು ಕಟ್ಟುತ್ತಿದ್ದಳು. ಯಾರನ್ನೂ ನೋಯಿಸದ, ಏನನ್ನೂ ಬಿಟ್ಟುಕೊಡದ ವಾಕ್ಯ. ಅದನ್ನು ಈಗ ಹೇಳಿದಳು. "ಈ ಸಲ ಅಂಚಿನ ಮೇಲೆ ಹೋಗುದು ಬೇಡ. ಗೋರಿಗಳ ತನಕ ನಡೆದು, ಕೆಳಗೆ ಬಯಲಲ್ಲೇ ಸುತ್ತಿ ಬರುವ. ಅಷ್ಟು ಸಾಕು."

ಕೆವಿನ್ ಗೋಳಿಬಜೆಯನ್ನು ಬಾಯಿಗೆ ಇಡುವವನು ಕೈ ಇಳಿಸಿದ. "ಎಂತ ಆಂಟಿ, ಅಂಚೇ ಮುಖ್ಯ ಅಂತ ಹೇಳಿದ್ದು ನೀವೇ ಅಲ್ವಾ? ನಾನು ಎರಡು ತಿಂಗಳಿಂದ ಅದಕ್ಕೇ ಕಾಯ್ತಿದ್ದೇನೆ."

"ಏನಾದ್ರೂ ಕಾರಣ ಉಂಟಾ ಲೂರ್ದಕ್ಕ?" ಎಂದಳು ಪ್ರಫುಲ್ಲಾ.

ಲೂರ್ದ್ ಬಾಯಿ ತೆರೆಯುವ ಮೊದಲೇ ಎಡಗಡೆಯಿಂದ ಫ್ಲಾಯ್ಡನ ದನಿ ಬಂತು. "ಕಾರಣ ನಾನು ಮಾರಾಯ್ರೆ. ನಿನ್ನೆ ಹತ್ತಲಿಕ್ಕೆ ನೋಡಿದೆ. ಅರ್ಧದಲ್ಲೇ ಕಾಲು ನಡುಗ್ಲಿಕ್ಕೆ ಶುರು. ಪಾಪ, ಇವಳು ನನ್ನನ್ನು ಹೇಗೋ ಕೆಳಗೆ ತಂದಳು. ನನ್ನನ್ನು ಒಬ್ಬನನ್ನೇ ಬಿಡುದು ಬೇಡ ಅಂತ ಹೀಗೆ ಹೇಳ್ತಿದ್ದಾಳೆ." ಅವನು ನಕ್ಕ. ಸುಶಾಂತ್ ತೊಡೆ ತಟ್ಟಿಕೊಂಡು, "ಕಿಚನ್ ಮಿನಿಸ್ಟರಿಗೆ ಗುಡ್ಡದ ಖಾತೆ ಯಾಕೆ ಬೇಕಿತ್ತು ಫ್ಲಾಯ್ಡಣ್ಣ?" ಎಂದ. ಎಲ್ಲರೂ ನಕ್ಕರು. ಅರ್ಧ ಎಂದನಲ್ಲ, ಎಂದು ಲೂರ್ದ್‌ಳ ತಲೆಯೊಳಗೆ ಆ ಒಂದೇ ಮಾತು ತಿರುಗತೊಡಗಿತು. ಅವನು ಅರ್ಧ ಹತ್ತಿದ್ದಲ್ಲ. ಕೆಂಪು ಮೂಗು ಹೊತ್ತು, ಬೆನ್ನಿಗಂಟಿದ ಅಂಗಿಯಲ್ಲಿ, ತುದಿಯ ತನಕ ಬಂದು ನಿಂತಿದ್ದ. ನೀನು ಸಾಕ್ಷಿ ಹೇಳಬೇಕು ಎಂದಿದ್ದ. ಈಗ ಅದನ್ನು, ಬಸ್ಸಿನಲ್ಲಿ ಯಾರಿಗೋ ಸೀಟು ಬಿಟ್ಟುಕೊಡುವಷ್ಟು ಸುಲಭವಾಗಿ ಬಿಟ್ಟುಕೊಟ್ಟ. ಅರ್ಧ ಎಂದದ್ದನ್ನು ಬಿಟ್ಟರೆ ಅವನು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಅನ್ನಿಸಲಿಲ್ಲ. ಅವನು ಹಾಗೆಯೇ ನಂಬಿದ್ದ. ಹೆಂಡತಿ ತನ್ನ ಮೇಲಿನ ಕರುಣೆಯಿಂದ ಇಡೀ ಗುಡ್ಡವನ್ನೇ ಕೈಬಿಟ್ಟಿದ್ದಾಳೆ, ಅದರ ಭಾರ ಅವಳ ಮೇಲೆ ಬೀಳಬಾರದು ಎಂದು. ಸುಮ್ಮನಿದ್ದರೆ ಮುಗಿಯಿತು. ಈ ಚಳಿಗಾಲ ದಾಟುತ್ತದೆ. ನಗು ನಿಧಾನವಾಗಿ ಇಳಿಯುತ್ತಿತ್ತು. ಯಾರೋ ಚಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ಹಾಗಾದ್ರೆ ಸಿಂಪಲ್," ಎಂದ ಕೆವಿನ್. "ಅಂಕಲ್ ಟೆಂಟಲ್ಲಿ ಇರಲಿ, ಯಾವಾಗಿನ ಹಾಗೆ. ಆಂಟಿ ಲೀಡ್ ಮಾಡ್ಲಿ, ನಾವು ಹಿಂದೆ ಬರ್ತೇವೆ. ನಾನು ಲಾಸ್ಟಲ್ಲಿ ಇರ್ತೇನೆ, ಮಕ್ಕಳನ್ನು ನಡುವಲ್ಲಿ ಹಾಕುವ."

"ಹೌದು, ಅದೇ ಸರಿ," ಎಂದ ಫ್ಲಾಯ್ಡ್. "ನಾನು ಕೋಳಿ ಸುಡ್ತೇನೆ."

ತೊಡೆಯ ಮೇಲಿದ್ದ ಅಶ್ಮಿತಾಳ ತಲೆ ಬೆಚ್ಚಗಿತ್ತು. ಲೂರ್ದ್ ತನ್ನ ತರಚಿದ ಅಂಗೈಯನ್ನು ನೋಡಿಕೊಂಡಳು. ಬೆಳಿಗ್ಗೆ ಕಟ್ಟಿದ ವಾಕ್ಯದ ಒಂದು ಶಬ್ದವೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. "ಫ್ಲಾಯ್ಡ್ ಪೂರ್ತಿ ಹತ್ತಿದ್ದಾನೆ," ಎಂದಳು. "ತುದಿಯಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ. ಇಳೀಲಿಕ್ಕೆ ಆಗದ್ದು ನನಗೆ. ನನಗೆ ಕಣ್ಣು ಸರಿ ಕಾಣುದಿಲ್ಲ. ಎದುರು ಇದ್ದದ್ದು ಕಾಣ್ತದೆ, ಬದಿಯದ್ದು ಕಾಣುದಿಲ್ಲ. ನೆರಳಲ್ಲಿ ಏನೂ ಕಾಣುದಿಲ್ಲ. ಡಾಕ್ಟರ್ ಹೇಳಿದ್ದಾರೆ, ಇದು ಸರಿಯಾಗುದಲ್ಲ. ನನ್ನ ಹಿಂದೆ ಯಾರೂ ಆ ಕೊರಕಲಲ್ಲಿ ಇಳೀಬಾರದು."

ಪಕ್ಕದ ಗ್ಯಾರೇಜಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಆ ಸದ್ದು ಇಷ್ಟು ಹೊತ್ತು ಇತ್ತೆಂದು ಈಗ ಎಲ್ಲರಿಗೂ ಕೇಳಿಸಿತು. ಮೊದಲು ಮಾತಾಡಿದವಳು ಪ್ರಫುಲ್ಲಾ. "ನಮ್ಮಲ್ಲೇ ಅಷ್ಟು ಒಳ್ಳೆ ಕಣ್ಣಿನ ಡಾಕ್ಟರ್ ಇದ್ದಾರಲ್ಲ ಲೂರ್ದಕ್ಕ. ನನ್ನಲ್ಲಿ ಒಂದು ಮಾತು ಹೇಳ್ಲಿಲ್ಲ ನೀವು." ಅವಳ ದನಿಯಲ್ಲಿ ಕನಿಕರಕ್ಕಿಂತ ನೋವು ಹೆಚ್ಚಿತ್ತು. ಸುಶಾಂತ್ ತನ್ನ ಕೈಯನ್ನು ಲೂರ್ದ್‌ಳ ಕಿವಿಯ ಪಕ್ಕಕ್ಕೆ ತಂದು ಬೆರಳಾಡಿಸಿ, "ಇದು ಕಾಣ್ತದಾ?" ಎಂದು ಕೇಳಿದ. "ಎಂತದು ಅದು, ಕೈ ತೆಗೀರಿ," ಎಂದು ಪ್ರಫುಲ್ಲಾ ಗದರಿದಳು. "ಕೇಳಲಿ," ಎಂದಳು ಲೂರ್ದ್. "ಕಾಣುದಿಲ್ಲ ಸುಶಾಂತ್. ನೀವು ಕೈ ಎತ್ತಿದ್ದು ಪ್ರಫುಲ್ಲಾ ಬೈದ ಮೇಲೆ ಗೊತ್ತಾಯ್ತು." ಈ ಕ್ಷಣಕ್ಕೇ ಅವಳು ಇಷ್ಟು ದಿನ ಹೆದರಿದ್ದದ್ದು. ಪ್ರದರ್ಶನದ ವಸ್ತುವಾಗುವುದು, ಬೆರಳು ತೋರಿಸಿ ಎಣಿಸು ಎನ್ನಿಸಿಕೊಳ್ಳುವುದು. ಅದು ಬಂತು, ಹೋಯಿತು. ಅವಳು ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದಳು. ಕೆವಿನ್ ನೆಲ ನೋಡುತ್ತಿದ್ದ. ಆಮೇಲೆ, "ಹೋದ ವರ್ಷ ನೀವು ನನ್ನನ್ನು ಯಾವಾಗ್ಲೂ ಮುಂದೆ ಹೋಗು ಹೋಗು ಅಂತ ಹೇಳ್ತಿದ್ರಿ," ಎಂದ. "ನಾನು ಫಾಸ್ಟ್ ಅಂತ ಗ್ರಹಿಸಿದ್ದೆ." ಅವನು ಅದನ್ನು ಹೇಳಿದ ರೀತಿಗೆ ಪ್ರಫುಲ್ಲಾಗೆ ನಗು ಬಂತು, ಲೂರ್ದ್‌ಗೂ.

ಮತ್ತೆ ನಕ್ಷೆ ತೆರೆದರು. ಅಂಚನ್ನು ಹತ್ತುವವರು ಬೆಳಗಿನ ಬಿಸಿಲಿನಲ್ಲೇ ಹತ್ತಿ ಇಳಿಯಬೇಕು, ಕೊರಕಲಿನ ದಾರಿ ಬಿಟ್ಟು ಹೋದ ದಾರಿಯಲ್ಲೇ ಬರಬೇಕು, ಮುಂದೆ ಕೆವಿನ್, ಮಕ್ಕಳು ಗೋರಿಗಳ ತನಕ ಮಾತ್ರ ಎಂದು ಲೂರ್ದ್ ಹೇಳಿದಳು. ಅವರು ಎಂದಿನಂತೆ ಕೇಳಿಸಿಕೊಂಡರು. ತುಸು ಹೆಚ್ಚೇ ಗಮನವಿಟ್ಟು ಕೇಳಿಸಿಕೊಂಡರು. ಆ ಹೆಚ್ಚಿನ ಗಮನ ಇನ್ನು ಮುಂದೆ ಎಲ್ಲ ಕಡೆಯೂ ಇರುತ್ತದೆಂದು ಅವಳಿಗೆ ತಿಳಿಯಿತು. ಅಶ್ಮಿತಾ ಮಾತ್ರ, "ದೆನ್ ಐ ವಿಲ್ ವಾಕ್ ಇನ್ ಫ್ರಂಟ್," ಎಂದು ತನ್ನ ಜಾಗ ಬದಲಾಯಿಸಿಕೊಂಡು ಸಮಾಧಾನಪಟ್ಟಳು. ಫ್ಲಾಯ್ಡ್ ಎದ್ದು ಎಲ್ಲರ ಪ್ಲೇಟುಗಳನ್ನು ಒಂದರೊಳಗೊಂದು ಪೇರಿಸಿ ಒಳಗೆ ಒಯ್ದ. ನಲ್ಲಿಯಿಂದ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಹಿಂತಿರುಗುವಾಗ ಶೇಖ್ ಝಾಯೆದ್ ರಸ್ತೆಯ ಮೇಲೆ ಸಂಜೆಯ ಬಿಸಿಲು ಇನ್ನೂ ಇತ್ತು. ಫ್ಲಾಯ್ಡ್ ಓಡಿಸಿದ. ಅವಳು ಎದುರಿನ ಕಾರಿನ ನಂಬರ್ ಪ್ಲೇಟ್ ನೋಡುತ್ತ ಕೂತಳು. ಅವನ ಫ್ಯಾಕ್ಟರಿಯಿರುವ ಕಡೆಗೆ ತಿರುಗುವ ದಾರಿ ಬಂದಾಗ, ಭಾನುವಾರವಾದರೂ ಅಭ್ಯಾಸಬಲದಿಂದ ಎಂಬಂತೆ ಅವನು ಆ ಕಡೆ ತಿರುಗಿಸಿದ. ಗೋದಾಮುಗಳ ನಡುವೆ ಒಂದು ಕರಕ್ ಚಾ ಅಂಗಡಿಯ ಎದುರು ನಿಲ್ಲಿಸಿ ಹಾರ್ನ್ ಒತ್ತಿದ. ಅಂಗಡಿಯವನು ಎರಡು ಕಾಗದದ ಕಪ್ಪು ತಂದು ಕಿಟಕಿಯೊಳಗೆ ಕೊಟ್ಟು ಹೋದ. ಫ್ಲಾಯ್ಡ್ ಒಂದನ್ನು ಅವಳ ಕೈಗೇ ಮುಟ್ಟಿಸಿ, ಅವಳ ಬೆರಳುಗಳು ಕಪ್ಪನ್ನು ಹಿಡಿಯುವ ತನಕ ಬಿಡಲಿಲ್ಲ.

"ನಿನಗೆ ಗೊತ್ತಾಗಿ ಎಷ್ಟು ಸಮಯ ಆಯ್ತು?"

"ಹೋದ ಚಳಿಗಾಲಕ್ಕಿಂತ ಮೊದಲು."

"ಅವರೆಲ್ಲರಿಗಿಂತ ಮೊದಲು ನನಗೆ ಹೇಳ್ಬಹುದಿತ್ತು."

"ಹೌದು," ಎಂದಳು. ಕ್ಷಮಿಸು ಎನ್ನುವುದು ತುಂಬ ಚಿಕ್ಕ ಮಾತಾಗಿ, ಅದನ್ನು ಹೇಳುವುದೇ ಇನ್ನೊಂದು ಅವಮಾನ ಮಾಡಿದಂತೆ ಅನ್ನಿಸಿತು.

"ಅಂದ್ರೆ ನಿನ್ನೆ ನೀನು ನಿಂತದ್ದು ನನಗೋಸ್ಕರ ಅಲ್ಲ."

"ಅಲ್ಲ."

ಅವನು ಚಾ ಕುಡಿದ. ಹೊರಗೆ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೀಂ ಕೀಂ ಎನ್ನುತ್ತಿತ್ತು. "ನಾನು ಮಲಗಿದ ಮೇಲೆ ಕೂಡ ಅದನ್ನೇ ಗ್ರಹಿಸ್ತಾ ಇದ್ದೆ," ಎಂದ. "ನನ್ನ ಹೆಂಡತಿ ನನಗೋಸ್ಕರ ನಿಂತಳು ಅಂತ. ಕೆಟ್ಟ ಖುಷಿ ಆಗಿತ್ತು." ಅವನ ದನಿ ಒಡೆಯಲಿಲ್ಲ. ಅವನು ತನ್ನ ಫ್ಯಾಕ್ಟರಿಯ ಯಾವುದೋ ಸಂಗತಿ ಹೇಳುವ ಹಾಗೆಯೇ ಹೇಳಿದ. ಲೂರ್ದ್‌ಳ ಕಪ್ಪಿನಲ್ಲಿ ಚಾದ ಮೇಲೆ ಕೆನೆ ಕಟ್ಟುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಯಾಕೆಂದರೆ ಅದು ಎದುರಿಗಿತ್ತು.

ಖಾಲಿ ಕಪ್ಪನ್ನು ಪಕ್ಕಕ್ಕಿಟ್ಟು ಅವನು ಕೇಳಿದ. "ಈಗ, ಇಲ್ಲಿ ಪಕ್ಕದಲ್ಲಿ ಕೂತರೆ, ನಾನು ಕಾಣ್ತೇನಾ ನಿನಗೆ?"

"ಇಲ್ಲ," ಎಂದಳು. "ತಿರುಗಿದರೆ ಕಾಣ್ತಿ."

ಅವನು ತಿರುಗು ಎಂದು ಹೇಳಲಿಲ್ಲ. ಅವಳು ಕಪ್ಪನ್ನು ಮೊಣಕಾಲುಗಳ ನಡುವೆ ಭದ್ರ ಮಾಡಿ, ಇಡೀ ಮೈಯನ್ನು ಅವನಿದ್ದ ಕಡೆಗೆ, ಎಡಕ್ಕೆ, ತಿರುಗಿಸಿ ಕೂತಳು. ಮೊದಲು ಬಂದದ್ದು ಸ್ಟೀರಿಂಗ್ ಮೇಲಿನ ಕೈ, ಆಮೇಲೆ ಅಂಗಿಯ ಕಾಲರು, ಆಮೇಲೆ ಅವನು. ಬಿಸಿಲಿಗೆ ಸುಟ್ಟ ಮೂಗಿನ ಮೇಲೆ ಚರ್ಮ ಏಳತೊಡಗಿತ್ತು. ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಕೆಳಗಿನ ರೆಪ್ಪೆಯಲ್ಲಿ ನೀರು ನಿಂತಿತ್ತು, ಬೀಳಲೋ ಬೇಡವೋ ಎಂಬಂತೆ. ಅವನ ಮುಖದಾಚೆ ಕಿಟಕಿ ಇರಲಿಲ್ಲ, ಲಾರಿ ಇರಲಿಲ್ಲ, ಗೋದಾಮುಗಳಿರಲಿಲ್ಲ. ಅವಳಿಗೆ ಉಳಿದಿದ್ದ ಬೆಳಕಿನಲ್ಲಿ ಹಿಡಿಯುವಷ್ಟೇ ಇತ್ತು ಅದು, ಒಂದು ಮುಖ. ಹಿಂದೆ ಯಾರೋ ಜಾಗಕ್ಕಾಗಿ ಹಾರ್ನ್ ಮಾಡಿದರು.

"ಹೋಗುವನಾ?" ಎಂದು ಕೇಳಿದ ಅವನು, ಗೇರಿನ ಮೇಲೆ ಕೈಯಿಟ್ಟು.

"ಸ್ವಲ್ಪ ನಿಲ್ಲು," ಎಂದಳು ಲೂರ್ದ್.